ಬೆನ್ನಿನ ಬಾಣಂತನ

೨೩ ಜೂನ್ ೨೦೨೪, ಭಾನುವಾರ

ಆಸ್ಪತ್ರೆಯಿಂದ ಬಿಟ್ಟರು. ಬೆಂಗಳೂರಿನಿಂದ ಕೆಂಚಾರ್ಲಹಳ್ಳಿಯವರೆಗೆ ಕಾರಿನ ಹಿಂದಿನ ಸೀಟಿನಲ್ಲಿ ಹಲಗೆಯ ಹಾಗೆ ನೆಟ್ಟಗೆ ಕೂತು ಬಂದೆ. ಇಷ್ಟು ವರ್ಷ ಚಿಂತಾಮಣಿ ಡಿಪೋದ ಬಸ್ಸಿನಲ್ಲಿ ನಿಂತೇ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಅಂತ ಟಿಕೆಟ್ ಕೊಟ್ಟವಳು ಇವತ್ತು ಒಂದೊಂದು ಹಂಪ್ ಬಂದಾಗಲೂ ಕಣ್ಣು ಮುಚ್ಚಿಕೊಂಡೆ.

ನೋವು ಹೇಗಿದೆ ಎಂದು ಆಗಾಗ ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಬರೀ ನೋವು ಬರೆದರೆ ಪುಟ ತುಂಬುವುದಿಲ್ಲ. ಮನಸ್ಸಿನಲ್ಲಿರುವುದನ್ನೂ ಬರೆಯುತ್ತೇನೆ. ನನ್ನ ಅತ್ತೆ ಕದಿರಮ್ಮನಿಗೆ ಓದು ಬರುವುದಿಲ್ಲ. ಗಂಡ ಮುರಳಿಮೋಹನ್‌ಗೆ ಓದು ಬರುತ್ತದೆ, ರೇಷ್ಮೆ ಹುಳು ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸುವ ಪುರುಸೊತ್ತಿಲ್ಲ. ಹಾಗಾಗಿ ಧೈರ್ಯ.

ಸೊಂಟದ ಕೆಳಗೆ ಎರಡು ಮೂಳೆಗಳ ನಡುವೆ ಸವೆದು ಚಪ್ಪಟೆಯಾಗಿದ್ದ ಡಿಸ್ಕ್ ತೆಗೆದು ಹೊಸದು ಕೂರಿಸಿದ್ದಾರೆ. ಮೇಲೊಂದು ಕೆಳಗೊಂದು ಲೋಹದ ಬಿಲ್ಲೆ, ಮಧ್ಯೆ ಪ್ಲಾಸ್ಟಿಕ್. ಮೂಳೆಗಳನ್ನು ಸೇರಿಸಿ ಸ್ಕ್ರೂ ಹಾಕುವ ಆಪರೇಷನ್ನೂ ಇತ್ತು. ಅದು ಮಾಡಿಸಿದರೆ ನಡು ಅಷ್ಟಾಗಿ ಬಾಗುವುದಿಲ್ಲ, ಬಸ್ಸಿನ ಕೆಲಸ ಕಷ್ಟ ಎಂದರು. ನನಗೆ ಬಸ್ಸು ಬೇಕು. ಡಿಪೋ ಆಫೀಸಿನಲ್ಲಿ ಕೂತು ಟಿಕೆಟ್ ಟ್ರೇ ಎಣಿಸುವುದು ನನ್ನಿಂದಾಗದು. ಅದಕ್ಕೇ ಇದನ್ನು ಆರಿಸಿಕೊಂಡೆ. ಮೂರು ನಾಲ್ಕು ತಿಂಗಳಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಸಿಕ್ಕರೆ ಮತ್ತೆ ಡ್ಯೂಟಿ.

ಈ ಆಪರೇಷನ್ನಿನ ತಮಾಷೆ ಏನೆಂದರೆ ಬೆನ್ನಿನ ಕಾಯಿಲೆಗೆ ಹೊಟ್ಟೆ ಕೊಯ್ಯುತ್ತಾರೆ. ಮುಂದಿನಿಂದ ಹೋದರೆ ದಾರಿ ಸಲೀಸಂತೆ. ಗಾಯವೆಲ್ಲ ಹೊಕ್ಕುಳ ಕೆಳಗೆ. ಬಾಗಿಲಲ್ಲೇ ದೃಷ್ಟಿ ತೆಗೆದ ಕದಿರಮ್ಮ, ನನ್ನನ್ನು ಮಲಗಿಸಿ, ನೈಟಿ ಸರಿಸಿ ಹೊಲಿಗೆ ನೋಡಿ, ನೆಟ್ಟಗೆ ಒಳಗೆ ಹೋದರು. ಬೆಳ್ಳುಳ್ಳಿ ಸುಲಿಯುವ ವಾಸನೆ ಬಂತು. ಅದು ಬೆನ್ನಿನ ಆಪರೇಷನ್ನು ಎಂದು ಇವರು ಹೇಳಿದರೆ, “ಹೊಟ್ಟೆ ಕುಯ್ದ ಮೇಲೆ ಬಾಣಂತೀನೇ ಕಣಪ್ಪ, ಮಗು ಇದ್ರೇನು ಇಲ್ದಿದ್ರೇನು” ಅಂದರು.

ಅತ್ತೆಯ ಹೆಸರು ಹಿಡಿದು ಬರೆಯುವುದು ಇಲ್ಲಿ ಮಾತ್ರ. ಬಾಯಲ್ಲಿ ಹೇಳಿದರೆ ಊರು ಸುಮ್ಮನಿರುತ್ತದೆಯೇ?

೩೦ ಜೂನ್, ಭಾನುವಾರ

ನೋವು ಪರವಾಗಿಲ್ಲ. ಕಾಲಿಗೆ ಇಳಿಯುತ್ತಿದ್ದ ಸೆಳೆತ ಪೂರ್ತಿ ಹೋಗಿದೆ. ಎಷ್ಟೋ ವರ್ಷದ ಮೇಲೆ ಎಡಗಾಲು ನನ್ನದು ಅನ್ನಿಸುತ್ತಿದೆ.

ಊಟದ ಸಂಗತಿ ಬರೆಯದಿದ್ದರೆ ಪಾಪ ಬರುತ್ತದೆ. ಬೆಳಿಗ್ಗೆ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ ಕಲಸಿದ ಬಿಸಿ ಅನ್ನ. ಹತ್ತು ಗಂಟೆಗೆ ಕೊಬ್ಬರಿ ಬೆಲ್ಲ. ಮಧ್ಯಾಹ್ನ ಮುದ್ದೆ, ಅದರ ನೆತ್ತಿಯಲ್ಲಿ ಕುಳಿ ಮಾಡಿ ತುಂಬಿದ ತುಪ್ಪ. ಸಂಜೆ ಮೇಕೆ ಕಾಲಿನ ಸೂಪು. ಹಾಸ್ಪಿಟಲ್ಲಿನವರು ಕೊಟ್ಟ ಬೆಲ್ಟಿನ ಮೇಲೆ ಹಳೇ ಸೀರೆ ಬೇರೆ ಸುತ್ತಿದ್ದಾರೆ, ಹೊಟ್ಟೆ ಜೋಲು ಬೀಳಬಾರದಂತೆ. ದಿನಾ ಎರಡು ಹೊತ್ತು ನಡೆಯಬೇಕು ಎಂದು ಡಿಸ್ಚಾರ್ಜ್ ಚೀಟಿಯಲ್ಲಿದೆ. ಎದ್ದು ಕೂತರೆ ಸಾಕು, ಗಾಳಿ ಸೋಕುತ್ತೆ ಮಲಕ್ಕೊ ಅನ್ನುತ್ತಾರೆ.

ಇಷ್ಟೆಲ್ಲ ಯಾಕೆ ಎಂದು ನನಗೆ ಗೊತ್ತಿಲ್ಲವೇ? ಶಿರೀಷಾ ಹುಟ್ಟಿದಾಗ ನನಗೆ ತವರು ಇರಲಿಲ್ಲ. ಅಮ್ಮ ಹೋಗಿ ವರ್ಷವಾಗಿತ್ತು. ಮಗು ಎತ್ತಿಕೊಂಡು ಚಿಂತಾಮಣಿ ಆಸ್ಪತ್ರೆಯಿಂದ ಈ ಮನೆಗೇ ಬಂದೆ. ಆಗ ಹುಳುವಿಗೆ ಬೇರೆ ಮನೆ ಇರಲಿಲ್ಲ, ನಡುಮನೆಯಲ್ಲೇ ತಟ್ಟೆ ಜೋಡಿಸುತ್ತಿದ್ದರು. ಹುಳು ನಾಲ್ಕನೇ ಜ್ವರದಲ್ಲಿತ್ತು, ಪೊರೆ ಬಿಡುವ ಹೊತ್ತು. ಬಾಣಂತಿ ಮೈಲಿಗೆ ಸೋಕಿದರೆ ಹುಳು ಕೆಡುತ್ತದೆ ಎಂದು ಕದಿರಮ್ಮ ನನ್ನನ್ನೂ ಮಗುವನ್ನೂ ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಹಾಕಿದರು. ಊಟ ನೆನಪಾದಾಗ ಬರುತ್ತಿತ್ತು. ಪಕ್ಕದ ಮನೆ ಆದಿಲಕ್ಷ್ಮಮ್ಮನ ತಾಯಿ ಗೋಡೆಯ ಮೇಲಿನಿಂದ ಸಾರು ಅನ್ನ ದಾಟಿಸುತ್ತಿದ್ದರು. ಪುಣ್ಯಾಹ ಆದ ಮಾರನೇ ದಿನ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಕಳಿಸಿದರು. ಬೆನ್ನು ನೋಯಲು ಶುರುವಾದದ್ದು ಅಂದೇ ಎಂದು ನನ್ನ ಲೆಕ್ಕ. ಡಾಕ್ಟರು ಅದಲ್ಲ, ಬಸ್ಸಿನ ಕುಲುಕಾಟ ಅನ್ನುತ್ತಾರೆ. ಅವರಿಗೇನು ಗೊತ್ತು.

ಬಾಣಂತಿ ಸೊಸೆಗೆ ಹೊಟ್ಟೆಗೆ ಹಾಕದವಳು ಎಂದು ಊರು ಕದಿರಮ್ಮನನ್ನು ಬಹಳ ವರ್ಷ ಆಡಿಕೊಂಡಿತು. ಈಗ ಹಾಕುತ್ತಿದ್ದಾರೆ. ಹಾಕಲಿ. ನನಗೆ ಬರಬೇಕಾದದ್ದೇ, ತಡವಾಗಿ ಬರುತ್ತಿದೆ ಅಷ್ಟೆ.

೧೪ ಜುಲೈ, ಭಾನುವಾರ

ಮಧ್ಯಾಹ್ನ ಆದಿಲಕ್ಷ್ಮಮ್ಮ ನೋಡಲು ಬಂದಿದ್ದಳು. ಬಾಳೆಹಣ್ಣು, ಬ್ರೆಡ್ಡು ತಂದಿದ್ದಳು. ನಾನು ನಡುಮನೆಯ ಮಂಚದ ಮೇಲೆ, ಕಾಲ ಬಳಿ ಸಾಂಬ್ರಾಣಿ ಹೊಗೆ. ಕದಿರಮ್ಮ ನಾಟಿಕೋಳಿ ಸಾರಿನ ಬಟ್ಟಲು ಅವಳ ಮುಂದೆಯೇ ತಂದಿಟ್ಟು, ತುಪ್ಪ ಸುರಿದು, ತಿನ್ನು ಎಂದರು. ಯಾರಿಗೆ ತೋರಿಸಲು ಸುರಿದರೆಂದು ಮಗುವಿಗೂ ತಿಳಿಯುತ್ತದೆ. ಆದಿಲಕ್ಷ್ಮಮ್ಮ, ಬಾಣಂತನ ಅಂದರೆ ಇದಪ್ಪಾ ಎಂದು ಹೊಗಳಿ ಹೋದಳು. ಆಮೇಲೆ ಕದಿರಮ್ಮ ಕತ್ತಲಾಗುವವರೆಗೂ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಓಡಾಡಿದರು.

ಸುಳ್ಳು ಯಾಕೆ ಬರೆಯಲಿ, ನನಗೂ ಹಿತವಾಗಿದೆ. ಬಿಸಿ ಊಟ ಮುಂದೆ ಬಂದು ನಿಲ್ಲುವುದು ಅಂದರೆ ಏನೆಂದು ಈ ವಯಸ್ಸಿಗೆ ಗೊತ್ತಾಯಿತು. ಡ್ಯೂಟಿ ದಿನಗಳಲ್ಲಿ ಡಬ್ಬಿಯ ಚಿತ್ರಾನ್ನ ಗೌರಿಬಿದನೂರು ಸ್ಟ್ಯಾಂಡಿನಲ್ಲಿ ನಿಂತು ನುಂಗುತ್ತಿದ್ದೆ. ಸಂಜೆ ಸಾಕು ಎಂದು ತಟ್ಟೆ ಸರಿಸಿದರೆ ಕದಿರಮ್ಮ ಇನ್ನೊಂದು ತುತ್ತು ಕೈಯಲ್ಲೇ ಹಿಡಿದು, ತೆಲುಗಿನಲ್ಲಿ, “ತಿನು ತಲ್ಲಿ” ಅಂದರು. ತಲ್ಲಿ, ತಾಯೀ ಎಂದು ಅವರು ಕರೆಯುವುದು ಅವರ ಮಗಳನ್ನು ಮಾತ್ರ. ಬಾಯಿ ತಪ್ಪಿರಬೇಕು. ನಾನು ತಿಂದೆ.

೧ ಆಗಸ್ಟ್, ಗುರುವಾರ

ಬೆಂಗಳೂರಿಗೆ ತೋರಿಸಲು ಹೋಗಿದ್ದೆವು, ನಾನು ಮತ್ತು ಇವರು. ಎಕ್ಸ್-ರೇ ಚೆನ್ನಾಗಿದೆಯಂತೆ, ಡಿಸ್ಕ್ ಇಟ್ಟ ಜಾಗದಲ್ಲೇ ಇದೆಯಂತೆ. ಡಾಕ್ಟರು ನನ್ನ ಮುಖ ನೋಡಿ, ತೂಕ ನೋಡಿಕೊಳ್ಳಿ, ನಡೆಯಿರಿ, ನಡೆದಷ್ಟೂ ಒಳ್ಳೆಯದು ಎಂದರು. ಡಾಕ್ಟರುಗಳು ಎಲ್ಲರಿಗೂ ಹೇಳುವ ಮಾತು ಅದು. ನಾವು ಬಸ್ಸಿನಲ್ಲಿ ಒಳಗೆ ನಡೀರಿ ಒಳಗೆ ನಡೀರಿ ಅನ್ನುವುದಿಲ್ಲವೇ, ಹಾಗೆ.

ಅಕ್ಟೋಬರಿನಲ್ಲಿ ಬಂದರೆ ಸರ್ಟಿಫಿಕೇಟ್ ಕೊಡುತ್ತಾರೆ. ನನ್ನ ಡ್ರೈವರ್ ಕೆಂಪರಾಜು ಫೋನ್ ಮಾಡಿದ್ದ. ನನ್ನ ಜಾಗದಲ್ಲಿ ಬಂದಿರುವ ಹುಡುಗಿಗೆ ಚಿಲ್ಲರೆ ಜಗಳ ಆಡಲು ಬರುವುದಿಲ್ಲ, ಬೇಗ ಬಾ ಕವಿತಕ್ಕ ಎಂದ. ಕೇಳಿ ಖುಷಿಯಾಯಿತು.

೧೮ ಆಗಸ್ಟ್, ಭಾನುವಾರ

ವರಮಹಾಲಕ್ಷ್ಮಿ ಹಬ್ಬಕ್ಕೆ ಶಿರೀಷಾ ಬಂದಿದ್ದಾಳೆ. ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿದ್ದುಕೊಂಡು ನರ್ಸಿಂಗ್ ಓದುವ ಹುಡುಗಿ, ಎರಡನೇ ವರ್ಷಕ್ಕೇ ದೊಡ್ಡ ಡಾಕ್ಟರು. ಹೋಳಿಗೆಗೆ ಕೈ ಹಾಕಿದ್ದೆ, ಕೈ ಹಿಡಿದು ಎಬ್ಬಿಸಿ ಹಿತ್ತಿಲಿಗೆ ಕರೆದುಕೊಂಡು ಹೋದಳು. ರೇಷ್ಮೆ ಗೂಡು ತೂಗುವ ಸ್ಕೇಲಿನ ಮೇಲೆ ನಿಲ್ಲಿಸಿದಳು. ಎಪ್ಪತ್ತೊಂದು. ಆಸ್ಪತ್ರೆಯಿಂದ ಬಂದಾಗ ಅರವತ್ಮೂರಿದ್ದೆ. ಇವರು ಅಲ್ಲೇ ನಿಂತಿದ್ದರು. ಗೂಡು ಹೀಗೆ ತೂಗಿದ್ದರೆ ಎಂದು ನಕ್ಕರು. ಶಿರೀಷಾ ನಗಲಿಲ್ಲ.

ಹೊಸ ಡಿಸ್ಕಿಗೆ ಇದು ಆಗಿಬರುವುದಿಲ್ಲ ಎಂದಳು. ಹೊಟ್ಟೆ ಮುಂದಕ್ಕೆ ಬಂದಷ್ಟೂ ನಡುವನ್ನು ಮುಂದಕ್ಕೆ ಎಳೆಯುತ್ತದೆ, ಎಷ್ಟು ಭಾರ ಕೂರುತ್ತದೋ ಅಷ್ಟು ಸವೆಯುತ್ತದೆ, ಅಜ್ಜಿಗೆ ಹೇಳು ಎಂದಳು. ಏನೆಂದು ಹೇಳಲಿ? ನಿಮ್ಮ ಕೈ ಊಟ ಸಾಕು ಎನ್ನಲೇ? ನೀನೇ ಹೇಳು ಎಂದೆ. ಹೋಗಿ ಹೇಳಿದಳು. ಕದಿರಮ್ಮ ಹೋಳಿಗೆ ತಟ್ಟುತ್ತಲೇ ಕೇಳಿಸಿಕೊಂಡು, ನಿಮ್ಮ ಪುಸ್ತಕದಲ್ಲಿ ಬಾಣಂತಿ ಒಣಗಿ ಕಡ್ಡಿಯಾಗಬೇಕು ಅಂತ ಬರೆದಿದೆಯಾ ಎಂದರಂತೆ. ಶಿರೀಷಾ ನನ್ನ ಮೇಲೆ ರೇಗಿದಳು. ನಿನಗೆ ಬಸ್ಸು ಬೇಕೋ ಹೋಳಿಗೆ ಬೇಕೋ ತೀರ್ಮಾನ ಮಾಡು ಎಂದಳು.

ಇನ್ನೂ ಒಂದೂವರೆ ತಿಂಗಳಿದೆ. ಮನಸ್ಸು ಮಾಡಿದರೆ ಇಳಿಸುವುದೇನು ಮಹಾ. ಹಬ್ಬ ಕಳೆಯಲಿ.

೯ ಸೆಪ್ಟೆಂಬರ್, ಸೋಮವಾರ

ಗಣೇಶನ ಹಬ್ಬದ ಮಾರನೇ ದಿನದಿಂದ ಬೆನ್ನು ಹಿಡಿದಿದೆ. ಮೊದಲಿನ ನೋವಲ್ಲ. ಆಗ ಕಾಲಿಗೆ ಇಳಿಯುತ್ತಿತ್ತು. ಈಗ ಬೆನ್ನಲ್ಲೇ, ನಡುವಿನ ಎರಡೂ ಪಕ್ಕದಲ್ಲಿ ಕೂತಿದೆ. ನಿಂತರೆ ಹೆಚ್ಚು, ಹಿಂದಕ್ಕೆ ಬಾಗಿದರೆ ಇನ್ನೂ ಹೆಚ್ಚು. ಬಸ್ಸಿನಲ್ಲಿ ನಿಲ್ಲುವುದೇ ನನ್ನ ಕೆಲಸ, ಆ ನಿಲ್ಲುವುದೇ ಆಗುತ್ತಿಲ್ಲ.

ಯಾರಿಗೂ ಹೇಳಿಲ್ಲ. ಮುಖ ನೋಡಿಯೇ ಕದಿರಮ್ಮ ಕಂಡುಹಿಡಿದರು. ಸುಸ್ತು ಕಣೇ, ಮೈಯಲ್ಲಿ ಕಸುವಿಲ್ಲ ಎಂದು ಎಳ್ಳುಂಡೆ ಮಾಡಲು ಕೂತರು. ಬೇಡ ಅನ್ನಬೇಕೆಂದು ಬಾಯಿ ತೆರೆದೆ. ಅವರ ಮಂಡಿ ನೋವು ನನಗೆ ಗೊತ್ತು, ನೆಲಕ್ಕೆ ಕೂತರೆ ಏಳಲು ಗೋಡೆ ಹಿಡಿಯಬೇಕು. ಹಾಗಿದ್ದೂ ಒರಳಲ್ಲಿ ಎಳ್ಳು ಕುಟ್ಟುತ್ತಿದ್ದರು. ಬಾಯಿ ಮುಚ್ಚಿಕೊಂಡೆ.

೨೧ ಸೆಪ್ಟೆಂಬರ್, ಶನಿವಾರ

ನೋವು. ಮಾತ್ರೆ ನುಂಗಿದೆ. ಸ್ಕೇಲ್ ಹತ್ತಲು ಹೆದರಿಕೆ. ಕೆಂಪರಾಜು ಫೋನ್ ಮಾಡಿದ, ಎತ್ತಲಿಲ್ಲ.

೩ ಅಕ್ಟೋಬರ್, ಗುರುವಾರ

ಇವತ್ತು ಸರ್ಟಿಫಿಕೇಟ್ ತರಬೇಕಾಗಿದ್ದ ದಿನ.

ಬೆಳಿಗ್ಗೆ ನೋಡಿದರೆ ಹುಳು ಹಣ್ಣಾಗಿಬಿಟ್ಟಿದ್ದವು. ಹಣ್ಣಾದ ಹುಳುವನ್ನು ಅಂದೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಕಂಡ ಕಂಡಲ್ಲಿ ಗೂಡು ಕಟ್ಟಿ ಹಾಳಾಗುತ್ತವೆ. ಇವರು ಬರುವ ಹಾಗಿರಲಿಲ್ಲ. ಕದಿರಮ್ಮ, ನಾನು ಹೋಗ್ತೀನಿ ಎಂದು ಹೊಸ ಸೀರೆ ಉಟ್ಟು, ಮೂರು ಅಂತಸ್ತಿನ ಕ್ಯಾರಿಯರ್ ತುಂಬಿಕೊಂಡು ಹೊರಟರು. ಬಸ್ಸಿನಲ್ಲಿ ಕಂಡಕ್ಟರ್ ನನ್ನ ಗುರುತು ಹಿಡಿದು ಮುಂದಿನ ಸೀಟು ಬಿಡಿಸಿಕೊಟ್ಟ. ಹೊಸಕೋಟೆ ದಾಟುವ ಹೊತ್ತಿಗೆ ಆ ಸೀಟಿನಲ್ಲೂ ಕೂರಲಾಗಲಿಲ್ಲ.

ಡಾಕ್ಟರು ಎಕ್ಸ್-ರೇ ಒಡ್ಡಿ ಬಹಳ ಹೊತ್ತು ನೋಡಿದರು. ತೂಕದ ಮೆಷಿನ್ ಹತ್ತಿಸಿದರು. ಎಪ್ಪತ್ನಾಲ್ಕು. ಅವರಿಗೆ ಸಿಟ್ಟು ಬಂದದ್ದು ಧ್ವನಿ ಏರಿಸದೇ ಇದ್ದುದರಿಂದ ಗೊತ್ತಾಯಿತು. ಡಿಸ್ಕ್ ಸರಿಯಾಗೇ ಇದೆ ಎಂದರು. ಬೆನ್ನುಮೂಳೆಯ ಹಿಂಬದಿಯಲ್ಲಿ ಪುಟ್ಟ ಪುಟ್ಟ ಕೀಲುಗಳಿವೆಯಂತೆ. ಹೊಟ್ಟೆ ಬೆಳೆದು ನಡು ಒಳಕ್ಕೆ ಬಾಗಿ ಆ ಕೀಲುಗಳು ಒಂದರ ಮೇಲೊಂದು ಒತ್ತಿ ಊದಿಕೊಂಡಿವೆಯಂತೆ. ತುಂಬಿದ ಕೊಡವನ್ನು ಸೊಂಟಕ್ಕೆ ಆನಿಸಿಕೊಂಡರೆ ಒಂದು ಭಾರ, ಅದನ್ನೇ ಕೈ ಚಾಚಿ ಮುಂದೆ ಹಿಡಿದುಕೊಂಡರೆ ಇನ್ನೊಂದು ಭಾರ, ನೀವು ದಿನವಿಡೀ ಕೈ ಚಾಚಿ ಹಿಡಿದುಕೊಂಡಿದ್ದೀರಿ ಎಂದರು. ಹೀಗೇ ಆದರೆ ಮೇಲಿನ ಡಿಸ್ಕೂ ಕೆಡುತ್ತದೆ, ಹಾಕಿದ ಬಿಲ್ಲೆ ಮೂಳೆಯೊಳಕ್ಕೆ ಇಳಿಯಲೂಬಹುದು, ಆಮೇಲೆ ಮತ್ತೆ ಆಪರೇಷನ್, ಸ್ಕ್ರೂ, ಅಷ್ಟಾದರೆ ಬಸ್ಸು ಮರೆತುಬಿಡಿ ಎಂದರು. ಸರ್ಟಿಫಿಕೇಟಿನ ಮಾತೇ ಎತ್ತಲಿಲ್ಲ.

“ಮನೇಲಿ ಏನು ತಿಂತಾ ಇದೀರಿ? ಯಾರು ಹೀಗೆ ಹಾಕ್ತಿರೋದು?” ಎಂದು ಕೇಳಿದರು.

ಪಕ್ಕದಲ್ಲಿ ಕದಿರಮ್ಮ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಬಾಯಿ ತೆರೆದುಕೊಂಡದ್ದು ನೋಡಿದೆ. ಹೇಳಲು ತಯಾರಾಗಿದ್ದರು, ಹೆಮ್ಮೆಯಿಂದ ಶುರು ಮಾಡಿ, ಅರ್ಧದಲ್ಲಿ ಅರ್ಥವಾಗಿ ನಿಲ್ಲುತ್ತಿದ್ದರು.

“ನಾನೇ ಸಾರ್. ಅತ್ತೆ ಅಳತೆ ಮಾಡೇ ಹಾಕ್ತಾರೆ. ನಾನು ಕದ್ದು ತಿಂದೆ” ಅಂದೆ.

ಡಾಕ್ಟರು ನನ್ನನ್ನು ಚೆನ್ನಾಗಿ ಬೈದರು. ನೋಡಿಕೊಳ್ಳುವವರು ಇದ್ದೂ ಹೀಗೆ ಮಾಡಿದರೆ ಯಾರೇನು ಮಾಡಲಾಗುತ್ತದೆ, ಚಿಕ್ಕ ಮಗುವೇ ನೀವು ಎಂದರು. ನರ್ಸು ತಲೆ ತಗ್ಗಿಸಿ ನಗು ನುಂಗಿದಳು. ಹಿರಿಯರು ನೀವು, ಗಟ್ಟಿಯಾಗಿ ನಿಂತು ನೋಡಿಕೊಳ್ಳಬೇಕಮ್ಮ ಎಂದು ಅತ್ತೆಯ ಕಡೆ ತಿರುಗಿ ಹೇಳಿದರು. ಅವರು ಕ್ಯಾರಿಯರಿನ ಮೇಲೆ ಸೆರಗು ಎಳೆದುಕೊಂಡರು.

ಹಾಗೆ ಯಾಕೆ ಹೇಳಿದೆನೋ ತಿಳಿಯದು. ನಾಲಿಗೆ ಅಷ್ಟು ಬೇಗ ಓಡಿತು. ಕದಿಯುವ ಅಭ್ಯಾಸ ನನಗಿಲ್ಲ, ಬಸ್ಸಿನಲ್ಲಿ ಒಂದು ರೂಪಾಯಿ ಆ ಕಡೆ ಈ ಕಡೆ ಮಾಡಿದವಳಲ್ಲ.

ವಾಪಸು ಬರುವಾಗ ಅತ್ತೆ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಕ್ಯಾರಿಯರ್ ಬಿಚ್ಚಲೇ ಇಲ್ಲ. ಮನೆಗೆ ಬಂದು ಅದರಲ್ಲಿದ್ದದ್ದನ್ನೆಲ್ಲ ದನದ ಕಲಗಚ್ಚಿನ ಬಾನಿಗೆ ಸುರಿದರು.

೬ ಅಕ್ಟೋಬರ್, ಭಾನುವಾರ

ಅತ್ತೆ ಒಲೆಯ ಮುಂದೆ ಬರುತ್ತಿಲ್ಲ. ಬೆಳಿಗ್ಗೆ ಎದ್ದು ತೋಟಕ್ಕೆ ಹೋದರೆ ಸಂಜೆಗೇ ಬರುವುದು. ಅಡಿಗೆ ಇವರದೇ, ಅನ್ನಕ್ಕೆ ಮೊಸರು. ಬೇಕಾದದ್ದು ಇದೇ ಅಲ್ಲವೇ, ಸಾಕು ಸಾಕಾಗುವಷ್ಟು ಹಾಕುವವರು ಕೈ ಬಿಟ್ಟಿದ್ದಾರೆ, ತೂಕ ತಾನೇ ಇಳಿಯುತ್ತದೆ. ಆದರೂ ಇವತ್ತು ಹತ್ತು ಗಂಟೆಗೆ ಬಾಗಿಲ ಕಡೆ ನೋಡುತ್ತ ಕೂತಿದ್ದೆ. ಹಸಿವಿರಲಿಲ್ಲ. ಅಳು ಬಂತು. ಈ ವಯಸ್ಸಿನಲ್ಲಿ ಕೊಬ್ಬರಿ ಬೆಲ್ಲಕ್ಕೆ ಕಣ್ಣೀರು ಹಾಕಿದೆ ಎಂದು ಯಾರಿಗೆ ಹೇಳಲಿ.

ನೋವು ಹಾಗೇ ಇದೆ. ಮತ್ತೆ ಹೊಟ್ಟೆ ಕೊಯ್ಯುತ್ತಾರೆ ಎಂಬ ಯೋಚನೆ ಬಂದರೆ ರಾತ್ರಿ ಎದ್ದು ಕೂರುತ್ತೇನೆ.

೧೩ ಅಕ್ಟೋಬರ್, ಭಾನುವಾರ

ಆಯುಧ ಪೂಜೆ, ವಿಜಯದಶಮಿ ಎರಡೂ ಮುಗಿದವು. ಡಿಪೋದಲ್ಲಿ ಬಸ್ಸುಗಳಿಗೆಲ್ಲ ಹೂವು ಹಾಕಿ ಫೋಟೋ ಕಳಿಸಿದ್ದಾರೆ. ನನ್ನ ಗಾಡಿಯ ಮುಂದೆ ಆ ಹುಡುಗಿ ನಿಂತಿದ್ದಾಳೆ. ಅವಳ ತಪ್ಪೇನಿದೆ. ನಿನ್ನೆ ರಾತ್ರಿ ಫೋನ್ ಬೋರಲು ಹಾಕಿ ಮಲಗಿದೆ.

ಬೆಳಿಗ್ಗೆ ಎದ್ದಾಗ ಒಲೆ ಉರಿಯುತ್ತಿತ್ತು. ಅತ್ತೆ ಮುದ್ದೆ ತೊಳಸುತ್ತಿದ್ದರು. ನಾನು ಹೋಗಿ ಗೋಡೆಗೆ ಆನಿಕೊಂಡು ನಿಂತೆ. ಅವರು ನನ್ನ ಕಡೆ ನೋಡಲಿಲ್ಲ. ಕೈಗೆ ನೀರು ಅದ್ದಿಕೊಂಡು ಮುದ್ದೆ ಕಟ್ಟಿದರು, ಅದನ್ನು ನೋಡಿ ಅರ್ಧ ಮಾಡಿದರು, ಅರ್ಧವನ್ನೂ ನೋಡಿದರು.

“ಎಷ್ಟು ಹಾಕ್ಲಿ ಅಂತ ನೀನೇ ಹೇಳು. ನಂಗೆ ಕಮ್ಮಿ ಹಾಕಿ ಅಭ್ಯಾಸ ಇಲ್ಲ” ಅಂದರು.

ಕಮ್ಮಿ ಹಾಕಿ ಅಭ್ಯಾಸ ಇಲ್ಲವೇ, ಕೊಟ್ಟಿಗೆಯ ಕೋಣೆ ಮರೆತುಹೋಯಿತೇ ಎಂದು ಕೇಳಬಹುದಾಗಿತ್ತು. ಕೇಳಬೇಕೆಂದು ಎಷ್ಟು ವರ್ಷ ಕಾದಿದ್ದೆ. ಆ ಹೊತ್ತಿಗೆ ನೆನಪೇ ಆಗಲಿಲ್ಲ, ಈಗ ಬರೆಯುವಾಗ ನೆನಪಾಯಿತು. ಅಷ್ಟೇ ಸಾಕು ಅತ್ತೆ, ಸೊಪ್ಪು ಜಾಸ್ತಿ ಹಾಕಿ ಅಂದೆ. ಬಸ್ಸಾರಿನ ಪಲ್ಯ ಬೆಟ್ಟದ ಹಾಗೆ ಬಡಿಸಿದರು. ಕೈ ತುಪ್ಪದ ಗಿಂಡಿಯ ತನಕ ಹೋಗಿ ವಾಪಸು ಬಂತು.

೧೦ ನವೆಂಬರ್, ಭಾನುವಾರ

ಬೆಳಿಗ್ಗೆ ಕೆರೆ ಕಟ್ಟೆಯ ಮೇಲೆ ನಡೆಯುತ್ತೇನೆ. ಮೊದಲ ವಾರ ತೂಬಿನವರೆಗೆ ಹೋಗಿ ಬರುವಷ್ಟರಲ್ಲಿ ನಡು ಸೀಳುತ್ತಿತ್ತು. ಈಗ ಆ ತುದಿಯವರೆಗೆ ಹೋಗುತ್ತೇನೆ. ಅತ್ತೆ ಹಿಂದೆ ಕೋಲು ಹಿಡಿದು ಬರುತ್ತಾರೆ. ಅವರ ಮಂಡಿಗೆ ಇದು ಆಗದು, ಬೇಡ ಎಂದರೆ ಕೇಳುವುದಿಲ್ಲ. ಡಾಕ್ಟರು ಗಟ್ಟಿಯಾಗಿ ನಿಂತು ನೋಡಿಕೊಳ್ಳಿ ಎಂದಿದ್ದಾರೆ, ಅವರು ನಿಂತಿಲ್ಲ, ನಡೆಯುತ್ತಿದ್ದಾರೆ. ನಾನು ಕಲ್ಲಿನ ಮೇಲೆ ಕೂತರೆ ಕೋಲು ಕುಟ್ಟುತ್ತಾರೆ.

ಸ್ಕೇಲಿನಲ್ಲಿ ಇಳಿಯುತ್ತಿದೆ, ಆದರೆ ಬಸವನ ಹುಳುವಿನ ನಡಿಗೆ. ಒಂದು ವಾರ ಇಳಿದರೆ ಇನ್ನೊಂದು ವಾರ ಅಲ್ಲೇ ನಿಂತಿರುತ್ತದೆ. ಮೊನ್ನೆ ದೀಪಾವಳಿಯ ಕಜ್ಜಾಯ ಮೂರು ತಿಂದೆ, ಎರಡು ದಿನ ನನ್ನನ್ನೇ ಬೈದುಕೊಂಡೆ. ಬೆನ್ನು ಬೆಳಿಗ್ಗೆ ಬಿಗಿ, ನಡೆದ ಮೇಲೆ ಸ್ವಲ್ಪ ಸಡಿಲ. ವಾಸಿಯಾಗುತ್ತಿದೆಯೋ ನಾನೇ ಹಾಗಂದುಕೊಳ್ಳುತ್ತಿದ್ದೇನೋ ಗೊತ್ತಿಲ್ಲ.

ಊರಿನ ಬಾಯಿ ಶುರುವಾಗಿದೆ. ನನ್ನ ಮುಖ ಇಳಿದದ್ದು ಎಲ್ಲರಿಗೂ ಕಾಣುತ್ತದೆ. ದಪ್ಪಗಿದ್ದಾಗ ಕದಿರಮ್ಮನ ಕೈಗುಣ ಎಂದವರು ಈಗ ಗುಸುಗುಸು ಎನ್ನುತ್ತಾರೆ. ಸೊಸೆಯನ್ನು ಬೆಳಗಾಗುವ ಮುಂಚೆ ಕೋಲು ಹಿಡಿದು ಓಡಿಸುತ್ತಾಳೆ, ಸೊಪ್ಪು ಹಾಕಿ ಸಾಕುತ್ತಾಳೆ ಅಂತೆ. ಇವರು ಅಂಗಡಿಯ ಹತ್ತಿರ ಕೇಳಿಸಿಕೊಂಡು ಬಂದು ಹೇಳಿದರು. ಅತ್ತೆಯ ಕಿವಿಗೆ ಬೀಳದಿದ್ದರೆ ಸಾಕು.

೮ ಡಿಸೆಂಬರ್, ಭಾನುವಾರ

ಅವರೆಕಾಯಿ ಬಂದಿದೆ. ಹಿತಕಿದ ಬೇಳೆ ಸಾರಿನ ವಾಸನೆ ಬೀದಿ ತುಂಬ. ಅತ್ತೆ ಮನೆಗೆ ಒಂದು ಕಾಯಿ ತರಲಿಲ್ಲ. ಇವರಿಗೆ ಅವರೆ ಅಂದರೆ ಪ್ರಾಣ, ಅಕ್ಕಪಕ್ಕದವರ ಮನೆಯಲ್ಲಿ ತಿಂದು ಬರುತ್ತಾರೆ. ಸ್ವಲ್ಪ ಮಾಡಿ ಅತ್ತೆ, ನಾನು ಬಾಯಿ ಕಟ್ಟುತ್ತೇನೆ ಎಂದೆ. ನೀನು ಕಟ್ಟಬಹುದು, ನಾನು ಕೈ ಕಟ್ಟಲಾರೆ ಎಂದರು.

೨೭ ಡಿಸೆಂಬರ್, ಶುಕ್ರವಾರ

ನಿನ್ನೆ ಬೆಂಗಳೂರು. ಈ ಸಲ ಇವರೇ ಬಂದರು. ಕೀಲುಗಳ ಊತ ಕಡಿಮೆಯಾಗುತ್ತಿದೆಯಂತೆ, ಹಿಂದಕ್ಕೆ ಬಾಗಿಸಿ ನೋಡಿದರೆ ನಾನು ಮೊದಲಿನಷ್ಟು ಕಿರುಚಲಿಲ್ಲ. ಆದರೆ ತೂಕ ಇನ್ನೂ ಮೂರು ಕೆಜಿ ಇಳಿಯಬೇಕು, ಅಲ್ಲಿಯವರೆಗೆ ಸಹಿ ಹಾಕುವುದಿಲ್ಲ, ಬಸ್ಸಿನ ಕುಲುಕಾಟಕ್ಕೆ ಈ ಬೆನ್ನು ಈಗಲೇ ಕೊಡುವುದಿಲ್ಲ ಎಂದರು. ಜನವರಿ ಕೊನೆಗೆ ಬರಬೇಕು. ಇಳಿದರೆ ಡ್ಯೂಟಿ. ಇಳಿಸಿದ್ದು ಮತ್ತೆ ಏರಿದರೆ ಎರಡನೇ ಆಪರೇಷನ್ ಬಗ್ಗೆ ಕೂತು ಮಾತಾಡೋಣ ಎಂದರು.

ರಾತ್ರಿ ಅತ್ತೆಗೆ ಎಲ್ಲ ಹೇಳಿದೆ. ಮೂರು ಕೆಜಿ ಅಂದರೆ ಎಷ್ಟು ಎಂದು ಕೇಳಿದರು. ಒಂದು ದೊಡ್ಡ ಕುಂಬಳಕಾಯಿ ಎಂದೆ. ಎರಡೂ ಕೈ ಅಗಲಿಸಿ ಅದರ ಗಾತ್ರ ಹಿಡಿದು ನೋಡಿದರು.

೫ ಜನವರಿ ೨೦೨೫, ಭಾನುವಾರ

ಇವತ್ತು ಬೆಳಿಗ್ಗೆ ಆದದ್ದನ್ನು ಬರೆಯದೆ ಇರಲಾಗದು.

ಕಟ್ಟೆಯಿಂದ ವಾಪಸಾಗುವಾಗ ಹಾಲಿನ ಡೈರಿಯ ಮುಂದೆ ಹೆಂಗಸರ ಸಾಲು. ಚಳಿಗೆ ಎಲ್ಲರ ತಲೆಯ ಮೇಲೂ ಸೆರಗು, ಕೈಯಲ್ಲಿ ಕ್ಯಾನು. ಇವರು ಮೊದಲೇ ಹಾಲು ತಂದಿಟ್ಟಿದ್ದರು, ಅತ್ತೆ ಅಳೆಸಲು ನಿಂತರು, ನಾನು ಪಕ್ಕದಲ್ಲಿ. ಸಾಲಿನ ಮುಂದೆ ಇದ್ದ ಆದಿಲಕ್ಷ್ಮಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳದು ಕೆಟ್ಟ ಮನಸ್ಸಲ್ಲ, ಕೆಟ್ಟ ಬಾಯಿ.

“ಏನ್ ಅತ್ತೆ, ಕವಿತಕ್ಕ ಹಿಂಗೆ ಇಳ್ದೋಗಿದಾಳೆ? ಮತ್ತೆ ಹೊಟ್ಟೆಗೆ ಹಾಕ್ತಿಲ್ವಾ?” ಅಂದಳು.

“ಮತ್ತೆ” ಎಂದಳು. ಸಾಲಿನಲ್ಲಿದ್ದ ಹಳಬರಿಗೆಲ್ಲ ಆ ಮಾತು ಗೊತ್ತು. ಒಬ್ಬಿಬ್ಬರು ಕೆಮ್ಮಿದರು. ಹಾಲು ಅಳೆಯುವವನೂ ಲೀಟರು ಕೈಯಲ್ಲಿ ಹಿಡಿದು ನಿಂತ. ನನಗೆ ಮೈ ಉರಿಯಿತು. ಡಾಕ್ಟರು ಹೇಳಿದ್ದು, ಕೀಲು, ಡಿಸ್ಕು, ಎಲ್ಲ ಒಟ್ಟಿಗೆ ಹೇಳಿಬಿಡಬೇಕೆಂದು ಮುಂದೆ ಬಂದೆ. ತುಪ್ಪ ಸುರಿದ ಆ ಕೈ, ಸಾಂಬ್ರಾಣಿ, ಮೂರು ಅಂತಸ್ತಿನ ಕ್ಯಾರಿಯರ್, ಎಲ್ಲ ಆ ಒಂದು ಮಾತು ಊರ ಬಾಯಿಂದ ಅಳಿಸಲು ತಾನೇ ನಡೆದದ್ದು.

ಅತ್ತೆ ಕೋಲು ಅಡ್ಡ ಹಿಡಿದು ನನ್ನನ್ನು ತಡೆದರು.

“ಇಲ್ಲ ಕಣೇ ಆದಿಲಕ್ಷ್ಮಿ, ಹಾಕ್ತಿಲ್ಲ” ಅಂದರು. ಧ್ವನಿ ಏರಿಸಲಿಲ್ಲ. ಎಲ್ಲರಿಗೂ ಕೇಳಿಸಿತು. “ಹಾಕ್ಬೇಕಾದಾಗ ಹಾಕ್ಲಿಲ್ಲ. ಈವಾಗ ಹಾಕ್ಬಾರ್ದು. ಅದಕ್ಕೇ ಹಾಕ್ತಿಲ್ಲ.”

ಆದಿಲಕ್ಷ್ಮಮ್ಮ ಕ್ಯಾನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಅತ್ತೆ ಹಾಲು ಅಳೆಸಿ, ಬರೆಸಿ, ಖಾಲಿ ಕ್ಯಾನು ನನ್ನ ಕೈಗೆ ಕೊಡಲು ಬಂದು, ನನ್ನ ಬೆನ್ನು ನೆನಪಾಗಿ ತಾವೇ ಇಟ್ಟುಕೊಂಡರು. ಆಮೇಲೆ ಮನೆಯ ಕಡೆ ತಿರುಗಿದ್ದ ನನ್ನನ್ನು ನೋಡಿ ಕೋಲಿನಿಂದ ಕೆರೆಯ ಕಡೆ ತೋರಿಸಿದರು. ಕುಂಬಳಕಾಯಿ ಇನ್ನೂ ಇಳಿದಿಲ್ಲ, ಇನ್ನೊಂದು ಸಲ ಹೋಗಿ ಬರಣ ನಡಿ ಎಂದರು.

ನಾನು ಮುಂದೆ, ಅವರು ಹಿಂದೆ. ಕಟ್ಟೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅವರ ಕೋಲಿನ ಸದ್ದು ನಿಧಾನವಾಗುತ್ತ ಬಂತು, ಮಂಡಿ ಹಿಡಿದಿರಬೇಕು. ತಿರುಗಿ ನೋಡಿದರೆ ಬಯ್ಯುತ್ತಾರೆ. ನಾನು ಹೆಜ್ಜೆ ಸಣ್ಣದು ಮಾಡಿದೆ, ಅವರು ಪಕ್ಕಕ್ಕೆ ಬಂದರು.